ಹುಡುಕಾಟ: ಸೊನ್ನೆ

ಮೊದಲ ದಿನ ಯಂತ್ರ ನಮ್ಮ ಮಾಲನ್ನ ಊಟ ಅಂತ ತಿಳೀತು.
ಇಂಗ್ಲಿಷ್ ಅಕ್ಷರದಾಗ ಖಣ ಅಂತ ಹೊಡದಿದ್ನಿ,
ನಮ್ಮ ಣ ಆ ಅಕ್ಷರದಾಗ ಕೂಡೂದಿಲ್ಲ ನೋಡ್ರಿ.
ಮೂರ ಸೆಕೆಂಡಿನಾಗ ಬರದಕೊಟ್ಟಿತು:
"ಗುಳೇದಗುಡ್ಡದ ಬಿಸಿಬಿಸಿ ಖಾನಾ,
ಅಜ್ಜಿಯ ಕೈರುಚಿ, ಇಂದೇ ಆರ್ಡರ್ ಮಾಡಿ."
ನಾನೂ ಓದಲಿಲ್ಲ, ಏರಿಸಿಬಿಟ್ನಿ.
ಸೊಲ್ಲಾಪುರದಾಕಿ ಒಬ್ಬಾಕಿ ಕೇಳಿದ್ಲು,
ಖಾರ ಎಷ್ಟ ಹಾಕ್ತೀರಿ?

ಅಂಗಡಿ ಮಾಲಕ ಹುಚ್ಚೇಶಣ್ಣ ಹಣಿ ಬಡಕೊಂಡ.
ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟ ನೀಲವ್ವ ಮಾತ್ರ
ಲಾಳಿ ನಿಲ್ಲಿಸದ ನಕ್ಕಳು:
"ತಪ್ಪೇನಂದೈತಿ ಬಿಡ.
ನಲವತ್ತ ವರ್ಷ ಇದನ್ನ ಉಂಡೀನಿ ನಾ."

ಆಮ್ಯಾಲ ಕಲಿತ್ನಿ.
ಮಂದಿ ಹ್ಯಾಂಗ ಹುಡುಕ್ತಾರ ಹಾಂಗ ಬರೀಬೇಕು,
ನಾವು ಹ್ಯಾಂಗ ಕರೀತೀವಿ ಹಾಂಗ ಅಲ್ಲ.
ಖಣ ಅಂದ್ರ ಯಾರೂ ಹಾಯೂದಿಲ್ಲ,
"ಹಬ್ಬಕ್ಕ ಬ್ಲೌಸ್ ಪೀಸ್, ಐದನೂರರೊಳಗ" ಅಂದ್ರ ಬರ್ತಾರ.
ಗುಳೇದಗುಡ್ಡ ಅಂತ ನೆಟ್ಟಗ ಬರದ್ರ ಹನ್ನೊಂದ ಮಂದಿ,
ಗುಲೆದಗುಡ ಅಂತ ಕೆಡಿಸಿದ್ರ ಇನ್ನೂರಾ ಆರು.
ನಮ್ಮೂರ ಹೆಸರು ತಪ್ಪ ಬರಿಯಾಕ
ತಿಂಗಳಿಗೆ ಒಂಬತ್ತ ಸಾವಿರ ಪಗಾರ ನನಗ.
ಸಾಲ್ಯಾಗ ಇದಕ್ಕ ಬೆನ್ನ ಮ್ಯಾಲ ಬೀಳತಿತ್ತು.

ಎರಡೆರಡ ತಲಿಬರಹ ಕೊಡತೈತಿ ಯಂತ್ರ.
ಅರ್ಧ ಮಂದಿಗೆ ಒಂದು, ಉಳದವರಿಗೆ ಇನ್ನೊಂದು,
ಯಾವುದರ ಮ್ಯಾಲ ಬೆರಳು ಹೆಚ್ಚ ಬೀಳತಾವ ಅದ ಖರೆ.
"ಪರಂಪರೆಯ ಸೊಬಗು" ಸೋತಿತು.
"ಈ ಕುಪ್ಪಸ ಕಂಡು ನಾದಿನಿ ಏನಂದಳು?" ಗೆದ್ದಿತು.
ಯಾವ ನಾದಿನಿ, ಅಂದ ಹುಚ್ಚೇಶಣ್ಣ.
ಇನ್ನೂ ಹುಟ್ಟಿಲ್ಲ, ಅಂದ್ನಿ.

ಹಾಸಿನ ಎಳಿ ಎಣಿಸಿದಂಗ ಎಣಿಸ್ತೀನಿ ಈಗ
ಒಂದ ಪುಟಕ್ಕ ಒಂದ ಮಾತು ಎಷ್ಟ ಸಲ.
ಹೆಚ್ಚಾದ್ರ ಯಂತ್ರಕ್ಕ ಸಂಶಯ,
ಕಡಿಮಿ ಆದ್ರ ಅದರ ಕಣ್ಣಿಗೇ ಬೀಳೂದಿಲ್ಲ.
ನೀಲವ್ವಗ ಇದು ನನಗಿಂತ ಲಗೂನ ತಿಳೀತು.
"ದಡಿ ಬಿಗಿ ಹಿಡದ್ರ ನಡುವ ಸುಕ್ಕ ಬೀಳತೈತಿ" ಅಂದ್ಲು, ಅಷ್ಟ.

ಅಮಾಸಿ ಮರುದಿನ ಒಂದ ಖಣ ತಂದ ಒಗದಳು ಮೇಜಿನ ಮ್ಯಾಲ.
ಗಿಣಿಹಸರು. ಹೂವಿನ ನಡುವ ಒಂದ ಕರಿ ಚುಕ್ಕಿ.
ಹೆಸರೇನು?
"ಇಮಾಂಬಿ ಕಣ್ಣು."
ಬಾಜೂ ಮನಿಯಾಕಿ, ನೂಲಿಗೆ ಬಣ್ಣ ಹಾಕಾಕಿ,
ಉಳದ ಒಂದ ಕಣ್ಣಿಲೇ ಹಸರಿನ ಹದ ಹೇಳತಿದ್ಲಂತ.
ಸತ್ತು ಹದಿನಾಕ ವರ್ಷ.

ಯಂತ್ರಕ್ಕ ಕೇಳಿದ್ನಿ. ತಿಂಗಳ ಹುಡುಕಾಟ: ಸೊನ್ನೆ.
ಭಾಳ ಮರ್ಯಾದಿಲೇ ಬುದ್ಧಿ ಹೇಳಿತು:
ಈ ಪದ ಕೈಬಿಡಿ,
"ಹಸಿರು ಡಿಸೈನರ್ ಪೀಸ್" ಅಂತ ಹಾಕಿ.
ಇಮಾಂಬಿ ಯಾರಂತ ಬರದಕೊಡು ಅಂದ್ರ ಮತ್ತ ಮೂರ ಸೆಕೆಂಡು.
ಅಕಿ ಅರಮನಿಯಾಕಿ ಅಂತ, ಅಕಿ ಕಣ್ಣು
ನವಿಲುಗರಿಯಂಥಾವಂತ,
ಎರಡೂ.

ಅಳಸಿದ್ನಿ.
ಬಾಗಲಾ ಹಾಕಿ ಕುಂತು ನಾನ ಬರದ್ನಿ ಏಳ ಸಾಲು.
ಒಂದ ಕಣ್ಣು ಅಂತ ಬರದ್ನಿ.
ಖಣ ಅಂತ, ಣ ಹಾಕಿ.
ನೂರಕ್ಕ ಮೂವತ್ತೆರಡು ಅಂತು ಯಂತ್ರ, ಕೆಂಪ ಗೆರಿ ಎಳೀತು.
ಹುಚ್ಚೇಶಣ್ಣ ಇನ್ನೂ ನೋಡಿಲ್ಲ.

ಎರಡ ವಾರ ಸೊನ್ನೆ.
ನಿನ್ನೆ ರಾತ್ರಿ ಹನ್ನೊಂದೂ ನಲವತ್ತಕ್ಕ, ಒಂದು.
ಪೂರಾ ಹೆಸರು, ಕನ್ನಡದಾಗ.
ಎಲ್ಲಿಂದ ಅನ್ನೋ ಕಡೆ ನಮ್ಮೂರ.
ಪುಟದ ಮ್ಯಾಲ ಇದ್ದದ್ದು ಆರ ನಿಮಿಷ.
ಕೊಂಡಿಲ್ಲ.

ಮುಂಜಾನೆ ಬೇಕಂತ ಮಗ್ಗದ ಮುಂದ ಹಾದ ಬಂದ್ನಿ.
ಮೊಮ್ಮಗನ ಫೋನು ಅಕಿ ಮಗ್ಗಲಕ್ಕ, ನೂಲಿನ ಬುಟ್ಟ್ಯಾಗ.
ನೀಲವ್ವ ತಲಿ ಎತ್ತಲಿಲ್ಲ,
ಲಾಳಿ ಆ ಕಡೆ, ಈ ಕಡೆ.
ಅಕಿಗೆ ಬರಿಯಾಕ ಬರೂದಿಲ್ಲ, ಮಾತಾಡಾಕ ಬರತೈತಿ.
ಓದಾಕಂತೂ ಬರೂದೇ ಇಲ್ಲ.
ಆರ ನಿಮಿಷ ಏನ ಮಾಡಿದ್ಲು?