ಎರಡು ಸಲ ಬಂದ ಒಂದೂ ನಲವತ್ತು

ಗ್ರಿಮ್ಸ್‌ಬಿ ಕೋರ್ಟಿನ ಕಟಕಟೆಯಲ್ಲಿ ನಾನು;
ಥರ್ಕೆಲ್ ಹುಡುಗನ ಫೋನು ಪ್ಲಾಸ್ಟಿಕ್ ಚೀಲದಲ್ಲಿ.
ಎಂಟು ವಾರ ಅದರ ಹೊಟ್ಟೆ ಬಗೆದಿದ್ದೇನೆ:
ಅಳಿಸಿದ ಬೈಗುಳ, ಅಳಿಸದ ಸಾಲ,
ಒಂದೇ ನಾಯಿಯ ನಾನೂರು ಚಿತ್ರ.

ಮೀನಂಗಡಿಯ ಕ್ಯಾಮೆರಾ ಹೇಳುತ್ತದೆ:
ಒಂದೂ ನಲವತ್ತಕ್ಕೆ ಇವನು ಒಡೆದ ಬಾಗಿಲಲ್ಲಿ.
ಫೋನು ಹೇಳುತ್ತದೆ:
ಒಂದೂ ನಲವತ್ತಕ್ಕೆ ನಾನು ಮನೆಯಲ್ಲಿ, ಚಾರ್ಜಿಗೆ.
ಯಾವುದು ಸುಳ್ಳು?
ವಕೀಲರು ಕನ್ನಡಕ ಒರೆಸಿಕೊಂಡರು.

ಎರಡೂ ಅಲ್ಲ, ಎಂದೆ.
ಅದು ಅಕ್ಟೋಬರಿನ ಕೊನೆಯ ಭಾನುವಾರ,
ದೇಶವೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ರಾತ್ರಿ.
ಒಂದೂ ನಲವತ್ತು ಎರಡು ಸಲ ಬಂತು.
ಮೀನಂಗಡಿಯ ಕ್ಯಾಮೆರಾಗೆ ಯಾರೂ ಅದನ್ನು ಹೇಳಿರಲಿಲ್ಲ;
ಅದರದು ಮೊದಲನೆಯದು,
ಫೋನಿನದು ಎರಡನೆಯದು.
ನಡುವೆ ಬ್ಯಾಟರಿ ಸತ್ತಿತ್ತು. ಒಂದಕ್ಷರ ಬರೆದಿಲ್ಲ.

ಮತ್ತೆ, ಫೋನು ಮನೆಯಲ್ಲಿದ್ದರೆ
ಹುಡುಗನೂ ಇದ್ದನೇ? ಅದೂ ಗೊತ್ತಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ;
ಪ್ರಮಾಣ ಮಾಡಿ ನಿಂತವಳು ನಾನು,
ಏನನ್ನೂ ಕಂಡವಳಲ್ಲ.

ಹಿಂದಿನ ಬೆಂಚಿನಿಂದ ಅವನ ತಾಯಿ
ನನ್ನನ್ನೇ ನೋಡುತ್ತಿದ್ದಳು,
ಆ ಗಂಟೆಯನ್ನು ನಾನೇ ಜೇಬಿಗಿಳಿಸಿದ ಹಾಗೆ.

ನಿಜವೇ ಇರಬಹುದು.
ಆ ರಾತ್ರಿ, ಒಂದು ಗಂಟೆ ಹೆಚ್ಚಿಗೆ ಸಿಕ್ಕಿತೆಂದು
ಮುಸುಕೆಳೆದು ಮಲಗಿದ್ದೆ.