ಲೇತಿನ ಕೂಡ ಬಂದ ಪೆಟ್ಟಿಗಿ

ಸೊಲ್ಲಾಪುರದ ಮುಚ್ಚಿದ ಮಿಲ್ಲಿನ ಹರಾಜಿನಾಗ
ತೂಕದ ಲೆಕ್ಕಕ್ಕ ಲೇತು ತಂದ್ನಿ,
ಕೂಡ ಒಂದು ಸಾಗವಾನಿ ಪೆಟ್ಟಿಗಿ, ಪುಕ್ಕಟೆ.
ಒಳಗ ಗ್ರೀಸು ಕಲ್ಲಾಗಿತ್ತು.
ಸೀಮೆಎಣ್ಣಿಯಾಗ ಎರಡು ದಿನ ನೆನೆಹಾಕಿದ್ನಿ.

ಡಿಪ್ಲೊಮಾ ಓದಿದಾಕಿ ನಾನು, ಸಿಎನ್‌ಸಿ ಬಟನು ಬಲ್ಲೆ.
ಇವು ಗೊತ್ತಿಲ್ಲ.
ಮಷಾಕ್ ಚಾಚಾನ್ನ ಸ್ಕೂಟಿ ಮ್ಯಾಲ ಕೂಡಿಸಿಕೊಂಡು ಬಂದ್ನಿ.
ಕಣ್ಣಿಗೆ ಪೊರಿ ಬಂದದ. ಬೆರಳಿಗೆ ಬಂದಿಲ್ಲ.

ಮೂರು ಬೆರಳಿನ ಕಬ್ಬಿಣದ ಬಳಿ:
"ಸ್ಟೆಡಿ. ಉದ್ದನ ಶಾಫ್ಟು ನಟ್ಟನಡುವ ನಡುಗಬಾರದಲ್ಲ, ಅದಕ್ಕ."
ಎರಡು ಬೆರಳಿಂದು:
"ಇದು ಟೂಲಿನ ಬೆನ್ನಹಿಂದ ನಡೀತದ,
ಹೊಸ ಸೊಸಿ ಹಿಂದ ಅತ್ತಿ ನಡದಂಗ."
ಬಾಲ ಸೊಟ್ಟಗಿನ ಉಂಗುರ:
"ನಾಯಿ. ನಗಬ್ಯಾಡ, ಹೆಸರಽ ನಾಯಿ. ಕಚ್ಚಿತಂದ್ರ ಬಿಡೂದಿಲ್ಲ."
ಹಲ್ಲಿನ ಗಾಲಿ ಹನ್ನೊಂದು. ದೊಡ್ಡದರ ಹಲ್ಲು ಉಗುರಿಲೆ ಎಣಿಸಿ,
"ನೂರಾ ಇಪ್ಪತ್ತೇಳರದು ಇಲ್ಲ.
ಇಂಚಿನ ಆಟೆ ಕೊರಿ, ಮಿಲಿಮೀಟರಿನ ಆಸೆ ಬಿಡು."

ಕೊನೀದು ಅಂಗೈಯಷ್ಟು, ಹಿತ್ತಾಳಿ ಹಿಡಿಕಿ.
ಲೇತಿನ ಯಾವ ಸಂದಿಗೂ ಕೂಡಲಿಲ್ಲ.
ಚಾಚಾ ಸುಮ್ಮಗಾದ. ಹಿಡಿಕಿ ಬಲಗೈಯಿಂದ ಎಡಗೈಗೆ ಹೋತು,
ಹೆಬ್ಬೆರಳು ಒಂದು ತಗ್ಗಿನಾಗ ಕುಂತಿತು.

"ಏನಿದು?"
"ಏನಂತ ತಿಳೀಲಿಲ್ಲ ಮಗಳಽ. ಯಾರದಂತ ತಿಳೀತು.
ಅಂಬಾದಾಸ ಬೊಲ್ಲಿ. ಮೂರನೇ ಪಾಳಿ. ಎಡಚ.
ಕಂಪನಿ ಕೊಟ್ಟ ಹಿಡಿಕಿ ಎಲ್ಲಾ ಬಲಗೈಯವು..."

ಮುಂದ ಹೇಳಲಿಲ್ಲ. ಚಹಾ ಕೇಳಿದ, ಸಕ್ರಿ ಹೆಚ್ಚು.

ಪಟ್ಟಿಯೊಳಗ ಅದರ ಹೆಸರಿನ ಜಾಗ ಖಾಲಿ ಬಿಟ್ಟೀನಿ.
ಕರೆಂಟು ಹೋದಾಗೊಮ್ಮೆ ಎಡಗೈಯಾಗ ಹಿಡಕೊಂಡು ಕೂಡ್ತೀನಿ:
ಆ ತಗ್ಗಿನಾಗ
ನನ್ನ ಹೆಬ್ಬೆರಳು ಸಡಿಲ.