ಎಂಟು ಸೆಕೆಂಡು

ಮಂಗಲದ ಊಟದ ಸಾಲಿನಲ್ಲಿ ಮುತ್ತವ್ವ ಮಾವಿ ಕೇಳುತ್ತಾಳೆ,
ಪ್ರತಿ ಸಲವೂ, ತಟ್ಟೆ ನನ್ನ ಕೈಗೆ ಕೊಡುತ್ತ:
ಆಸ್ಪತ್ರೆಯಲ್ಲಂತೆ. ಡಾಕ್ಟರಾ? ಅಲ್ಲ.
ನರ್ಸಾ? ಅಲ್ಲ. ಹಾಗಾದರೆ ಬಿಲ್ಲು ಬರೆಯುವವಳಾ?

ಕತ್ತಿನ ಕಾರ್ಡಿನಲ್ಲಿ ಉದ್ದದ ಹೆಸರೊಂದಿದೆ,
ಕಟ್ಟಡ, ಯಂತ್ರ, ಸುರಕ್ಷತೆ, ಮೇಲ್ವಿಚಾರಣೆ.
ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಕಡಂಬುಟ್ಟು ಆರುತ್ತದೆ.
'ಕರೆಂಟು ನೋಡ್ಕೊಳ್ತೇನೆ ಮಾವಿ.'
'ಅಯ್ಯೋ, ಅದಕ್ಕೆ ಇಂಜಿನಿಯರಿಂಗ್ ಯಾಕೆ ಓದಿದಿ?'

ಸಿದ್ದಾಪುರದ ನಮ್ಮ ಆಸ್ಪತ್ರೆಗೆ ಮೂವತ್ತೆಂಟು ಹಾಸಿಗೆ.
ಬಂದವರಿಗೆ ಗೋಡೆ ಕಾಣುತ್ತದೆ, ನನಗೆ ಅದರ ಒಳಗಿನದು:
ಆಮ್ಲಜನಕದ ತಾಮ್ರದ ಕೊಳವೆ ಎಲ್ಲಿ ಬಾಗುತ್ತದೆ,
ಬೆಂಕಿ ಬಿದ್ದ ದಿನವೂ ತೆರೆಯದಷ್ಟು ಬಿಗಿ ಯಾವ ಬಾಗಿಲು,
ಟ್ಯಾಂಕಿಗೆ ಕ್ಲೋರಿನ್ ಹಾಕಲು ಇವತ್ತು ಯಾರು ಮರೆತರು.

ಕಾಲೇಜು ಕಲಿಸಿದ್ದಲ್ಲ ಇದು. ಮೊಯ್ದುಕಾಕ ಕಲಿಸಿದ್ದು.
ಜನರೇಟರಿನ ಮೈಮೇಲೆ ಅಂಗೈಯಿಟ್ಟು
ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚುತ್ತಿದ್ದರು.
'ಕರೆಂಟು ಹೋದರೆ ಇವಳಿಗೆ ಎಂಟು ಸೆಕೆಂಡು, ಮೋಳೇ.
ಒಂಬತ್ತನೆಯದು ನಿನ್ನ ಲೆಕ್ಕಕ್ಕೆ.'
ಒಂದು ಕೈಲ್‌ಪೊಳ್ದ್ ದಿನ, ಕೋವಿಗಿಟ್ಟು ಉಳಿದ ತೋಕ್‌ಪೂ ತಂದು
ಅವರ ಇಪ್ಪತ್ತೆರಡರ ಸ್ಪಾನರಿಗೆ ಸಿಕ್ಕಿಸಿದ್ದೆ.
ತೆಗೆಯಲಿಲ್ಲ. ಸಂಜೆವರೆಗೂ ಬೇರೆ ಸ್ಪಾನರಿನಲ್ಲಿ ಒದ್ದಾಡಿದರು.
ಈಗ ನೆಲ್ಯಹುದಿಕೇರಿಯಲ್ಲಿದ್ದಾರೆ, ಮೊಮ್ಮಕ್ಕಳ ಜೊತೆ. ಕಿವಿ ಮಂದ.

ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ
ಹೊಳೆಯಂಚಿನ ತೋಟಗಳೆಲ್ಲ ಮೋಟಾರು ಹಚ್ಚುತ್ತವೆ.
ಚಿಕ್ ಚಿಕ್ ಚಿಕ್, ರಾತ್ರಿಯಿಡೀ ಸ್ಪ್ರಿಂಕ್ಲರು,
ರೊಬಸ್ಟಾ ಬೆಳ್ಳಗೆ ಬಿರಿಯಲಿಕ್ಕೆ,
ನನ್ನ ಮೀಟರಿನ ಮುಳ್ಳು ಸೋತು ಇಳಿಯಲಿಕ್ಕೆ.
ನೂರಾ ತೊಂಬತ್ತು. ನೂರಾ ಎಪ್ಪತ್ತು.
ಆಮೇಲೆ ಕತ್ತಲು.

ಎರಡು ಗಂಟೆ ಹದಿನಾಲ್ಕು ನಿಮಿಷ. ಎಣಿಸಿದೆ.
ಐದು. ಆರು. ಇವಳು ಒಮ್ಮೆ ಕೆಮ್ಮಿದಳು. ಏಳು.
ಎಂಟು.
ಆಮೇಲೆ ಕೆಮ್ಮಲೂ ಇಲ್ಲ.

ಮೇಲೆ, ವಾರ್ಮರಿನಡಿಯ ಒಂದೂಮುಕ್ಕಾಲು ಕಿಲೋ ಕೂಸನ್ನು
ಸಿಸ್ಟರ್ ಜೆಸಿಂತಾ ರವಿಕೆಯೊಳಗೆ ಅವಚಿಕೊಂಡಳಂತೆ.
ಕೆಳಗೆ ಶೆಡ್ಡಿನಲ್ಲಿ ನಾನು, ಬಾಯಲ್ಲಿ ಕಚ್ಚಿದ ಟಾರ್ಚು,
ಬ್ಯಾಟರಿಯ ತುದಿಗೆ ವೀಳ್ಯದ ಸುಣ್ಣದಷ್ಟು ದಪ್ಪ ಬಿಳಿ.
ಮನೆಯ ಬೀಗದ ಕೈಯಿಂದ ಕೆರೆದೆ. ಉಗುರಿನಿಂದ ಕೆರೆದೆ.
ಒಂದು ನಿಮಿಷ ನಲವತ್ತು ಸೆಕೆಂಡಿಗೆ ಗುಡುಗಿದಳು.

ಯಾರೂ ಸಾಯಲಿಲ್ಲ.
ಬೆಳಿಗ್ಗೆ ಕೂಸಿನ ಅಪ್ಪ ಬಾಳೆಗೊನೆ ಹೊತ್ತು ತಂದ,
ಡಾಕ್ಟರಿಗೆ, ಸಿಸ್ಟರಿಗೆ.
ಪಕ್ಕದಲ್ಲಿ ನಿಂತಿದ್ದಕ್ಕೆ ನನಗೂ ಒಂದು ಹಣ್ಣು ಸಿಕ್ಕಿತು.

ರಿಜಿಸ್ಟರು ತೆರೆದೆ. ಕಳೆದ ಶನಿವಾರ.
'ಬ್ಯಾಟರಿ ತುದಿ: ನೋಡಿದೆ, ಸರಿಯಿದೆ.'
ಅಕ್ಷರ ನನ್ನದು. ಸಹಿ ನನ್ನದು.
ಅವತ್ತು ಪೊನ್ನಂಪೇಟೆಯಲ್ಲಿ ಮಂಗಲ;
ರೇಷ್ಮೆ ಸೀರೆಯಲ್ಲಿ, ಕುರ್ಚಿಯಿಂದ ಏಳದೆ ಬರೆದಿದ್ದೆ.
ಅವತ್ತೇ ಮಾವಿ ಕೇಳಿದ್ದು, ಏನು ಕೆಲಸ ನಿನ್ನದು ಅಂತ.

ಮ್ಯಾನೇಜರು ಒಳ್ಳೆಯವರು. 'ತೋಟದ ಮೋಟಾರುಗಳ ಮೇಲೆ
ಹಾಕಿ ಬರೆದುಬಿಡಿ' ಅಂದರು. ಸುಳ್ಳೂ ಅಲ್ಲ, ಅರ್ಧ.
ನಾನು ಶನಿವಾರದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ:
ನೋಡಿರಲಿಲ್ಲ.

ಈ ವಾರ ಹೊಸ ಹುಡುಗ ಬಂದಿದ್ದಾನೆ,
ಪಾಲಿಬೆಟ್ಟದ ಲೈನ್‌ಮನೆಯ ಚಾತ, ಐಟಿಐ ಪಾಸು.
ಮೊದಲ ದಿನ ಅವನ ಕೈಗೆ ಸ್ಪಾನರು ಕೊಡಲಿಲ್ಲ, ಆ ಪುಟ ಕೊಟ್ಟೆ.
ಓದಿದ. ನನ್ನ ಮುಖ ನೋಡಿದ. ಮುಚ್ಚಿಟ್ಟ.
ಕೆಟಲಿನಲ್ಲಿ ಬಿಸಿನೀರು ಹಿಡಿದು, ಹೇಳದೆಯೇ, ಶೆಡ್ಡಿಗೆ ನಡೆದ.
ಗಾಳಿಯಲ್ಲಿ ಕಾಫಿ ಹೂವು ತಲೆ ಸುತ್ತುವಷ್ಟು.
ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡತೊಡಗಿದ.

'ಏಯ್, ಬಿಡಬೇಡ ಚಪ್ಪಲಿ!' ಕೂಗಿದೆ,
'ಶಾಕ್ ಹೊಡೆದೀತು, ಮೆಟ್ಟಿಕೊಂಡೇ ಹೋಗು.'